ಮೊಲ ಹಿಡಿಯದವನು

ಗಾಳಿ ಸಮುದ್ರದ ಕಡೆಯಿಂದ ಬೀಸಬೇಕು. ಆಗ ಮಾತ್ರ ಕಬ್ಬಿಗೆ ಬೆಂಕಿ. ಗಾಳಿ ಸಮುದ್ರದ ಕಡೆಗೆ ಹೊರಟಿದ್ದರೆ ಆ ದಿನ ಕಡ್ಡಿ ಗೀರುವಂತಿಲ್ಲ, ಅದು ಕಾನೂನು. ಸಮುದ್ರದಂಡೆಯಲ್ಲಿ ದೊಡ್ಡ ಮನೆಗಳಿವೆ, ಬಿಳಿಯ ಪರದೆಗಳಿವೆ, ನೀಲಿ ಈಜುಕೊಳಗಳಿವೆ. ಅವುಗಳ ಮೇಲೆ ಬೂದಿ ಬೀಳಬಾರದು. ಇತ್ತ ದೊಡ್ಡ ಕೆರೆಯ ಏರಿಗೆ ಬೆನ್ನು ಕೊಟ್ಟು ಕೂತ ಸಾಗ್ರಾಸ್ ಬೆಂಡ್ ಎಂಬ ಊರಿನಲ್ಲಿ ಇರುವುದು ಕಪ್ಪು ಜನರ ಎದೆಗೂಡುಗಳು ಮಾತ್ರ. ಅವುಗಳೊಳಗೆ ಎಷ್ಟು ಬೇಕಾದರೂ ಬೀಳಬಹುದು.

ಆ ಸೋಮವಾರ ಗಾಳಿ ಸಕ್ಕರೆ ಕಂಪನಿಗೆ ಬೇಕಾದ ಹಾಗೇ ಇತ್ತು. ಕಬ್ಬಿನ ಹೊಲದ ಅಂಚಿನ ಕರಿ ಮಣ್ಣಿನ ಮೇಲೆ ಜೆರೆಲ್ ಪಿಂಡರ್ ನಿಂತಿದ್ದ. ಹನ್ನೆರಡು ವರ್ಷಗಳ ಹಿಂದೆ ಬೆಂಡ್ ಹೈಸ್ಕೂಲಿಗೆ ಆಡುವಾಗ ತೊಟ್ಟಿದ್ದ ಮೂರನೇ ಅಂಕಿಯ ಅಂಗಿಯಂಥದೇ ಒಂದು ಅಂಗಿಯನ್ನು ಹೊಸದಾಗಿ ಹೊಲಿಸಿ ಅವನಿಗೆ ತೊಡಿಸಿದ್ದರು. ಈಗ ಅವನು ಉತ್ತರದ ದೊಡ್ಡ ನಗರವೊಂದರ ತಂಡಕ್ಕೆ ಆಡುತ್ತಾನೆ. ಹೆಲ್ಮೆಟ್ ತೊಟ್ಟ ದೈತ್ಯರ ನಡುವೆ ಆ ಉದ್ದುರುಟು ಚೆಂಡನ್ನು ಎದೆಗವಚಿಕೊಂಡು ನುಗ್ಗುವುದು ಅವನ ಕಸುಬು. ಭಾನುವಾರ ಬಂತೆಂದರೆ ದೇಶಕ್ಕೆ ದೇಶವೇ ಟಿ.ವಿ. ಮುಂದೆ ಕೂತು ಅವನ ಹೆಸರು ಕೂಗುತ್ತದೆ. ಈ ವಾರ ಅವನ ತಂಡಕ್ಕೆ ಪಂದ್ಯವಿಲ್ಲ. ಶುಕ್ರವಾರ ಹಳೆಯ ಶಾಲೆ ಅವನನ್ನು ಮೈದಾನಕ್ಕೆ ಕರೆಸಿ, ಆ ಮೂರನೇ ಅಂಕಿಯನ್ನು ಇನ್ನು ಯಾರೂ ತೊಡದಂತೆ ಅವನ ಹೆಸರಿಗೇ ಮೀಸಲಿಡಲಿದೆ.

ಅದಕ್ಕೂ ಮೊದಲು ಕಂಪನಿಯ ಈ ಜಾಹೀರಾತು. ಹೇಳಬೇಕಾದದ್ದು ಹೆಚ್ಚೇನಿಲ್ಲ: "ಬೆಂಕಿಯಿಂದ ಓಡುವ ಮೊಲಗಳ ಹಿಂದೆ ಓಡಿ ನಾನು ಓಟ ಕಲಿತೆ. ಈ ಹೊಗೆಯೇ ನನ್ನನ್ನು ಬೆಳೆಸಿತು."

"ಇನ್ನೊಂದ್ಸಲ ಹೇಳೋಣ್ವಾ ಜೆರೆಲ್?" ಎಂದಳು ಚಿತ್ರ ತೆಗೆಸುತ್ತಿದ್ದ ಮಾರ್ಗೋ. ತಲೆಗೆ ಬೂದಿ ಬೀಳದಂತೆ ರೇಷ್ಮೆಯ ವಸ್ತ್ರ ಸುತ್ತಿಕೊಂಡಿದ್ದಳು. "'ಬೆಳೆಸಿತು' ಅನ್ನೋವಾಗ ಕೆಮ್ಮು ಬಂತು. ಪರ್ವಾಗಿಲ್ಲ. ಸ್ವಲ್ಪ ನಗ್ತಾ ಹೇಳಿ, ಆಯ್ತಾ?"

ಅವನ ಹಿಂದೆ ಕಬ್ಬು ಚಟಪಟ ಸಿಡಿಯುತ್ತಿತ್ತು. ಒಣಗಿದ ಸೋಗೆಯನ್ನೆಲ್ಲ ಬೆಂಕಿ ನೆಕ್ಕಿ ಬರಿಯ ಜಲ್ಲೆಯನ್ನು ಉಳಿಸುತ್ತದೆ, ಕಟಾವಿನ ಯಂತ್ರಕ್ಕೆ ಅಷ್ಟರಮಟ್ಟಿಗೆ ಕೆಲಸ ಹಗುರ. ಈಗಿನ ತಂಡದ ಹುಡುಗರನ್ನು ಅಂಚಿಗೆ ಸಾಲಾಗಿ ನಿಲ್ಲಿಸಿದ್ದರು. ಹೊಗೆಯೊಳಗಿಂದ ಕಂದು ಮೊಲವೊಂದು ಚಂಗನೆ ಹಾರಿ ಬಂದದ್ದೇ, ಹುಡುಗರು "ಹೋ!" ಎಂದು ಕೂಗುತ್ತ ಅದರ ಬೆನ್ನು ಹತ್ತಿದರು. ಇದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೆಂಡ್‌ನ ಹುಡುಗರು ಅಪ್ಪಂದಿರ ಕಾಲದಿಂದಲೂ ಹೀಗೆಯೇ ಮೊಲ ಹಿಡಿದು, ಸುಲಿದು, ಮನೆ ಮನೆಗೆ ಮಾರಿದವರು. ದೇಶದ ಮೂಲೆ ಮೂಲೆಯಿಂದ ಆಟಗಾರರನ್ನು ಹುಡುಕಿಕೊಂಡು ಬರುವ ಕಾಲೇಜಿನವರಿಗೂ ಈ ಕಥೆ ಬಾಯಿಪಾಠ. ಬೆಂಡ್‌ನ ಹುಡುಗ ಅಂದರೆ ಮೊಲ ಹಿಡಿದವನು, ಮೊಲ ಹಿಡಿದವನೆಂದರೆ ಯಾರ ಕೈಗೂ ಸಿಗದವನು.

ಜೆರೆಲ್ ತನ್ನ ಜನ್ಮದಲ್ಲಿ ಒಂದೇ ಒಂದು ಮೊಲ ಹಿಡಿದವನಲ್ಲ.

"ಏನ್ ಹೀರೋ!" ರಸ್ತೆಯ ಬದಿಯ ನೀರಿನ ಟ್ಯಾಂಕರಿನ ಮೇಲಿಂದ ದನಿ ಬಂತು. ಟೇವಿಸ್ ಮಾಕ್ಸಿ. ಜೆರೆಲನ ಚಿಕ್ಕಮ್ಮನ ಮಗ. ಬೆಂಕಿ ಹೊಲದ ಗಡಿ ದಾಟದಂತೆ ನೀರು ಹೊಡೆಯುವುದು ಅವನ ಕೆಲಸ. "ನೀನ್ ಮೊಲ ಹಿಡ್ದಿದ್ದು ನಾನೂ ನೋಡಿದೀನಿ ಕಣೋ. ಅಜ್ಜಿ ಬಾಣಲೇಲಿ, ಫೋರ್ಕ್ ಹಾಕಿ! ಅದೂ ದೊಡ್ಡ ತೊಡೆ ನಿಂಗೇ ಬೇಕಾಗಿತ್ತು."

ಹುಡುಗರು ಬಿದ್ದು ಬಿದ್ದು ನಕ್ಕರು. ಮಾರ್ಗೋ ಕೂಡ ಏನೂ ತಿಳಿಯದೆ ನಕ್ಕಳು. ಜೆರೆಲ್ ನಕ್ಕ. ನಗು ಎದೆಯೊಳಗೆ ಸಿಕ್ಕಿಕೊಂಡು ಸಿಳ್ಳೆಯಾಯಿತು.

ಆ ಸಿಳ್ಳೆ ಟೇವಿಸ್‌ಗೆ ಗೊತ್ತಿತ್ತು. ನಗುವುದನ್ನು ನಿಲ್ಲಿಸಿ ಟ್ಯಾಂಕರಿನಿಂದ ಇಳಿದು ಬಂದ. ಅವನ ಎಡ ಮೊಣಕಾಲಿನ ಕೆಳಗೆ ಸುಟ್ಟ ಕಲೆ ಹಾವಿನ ಪೊರೆಯ ಹಾಗೆ ಹೊಳೆಯುತ್ತಿತ್ತು. ಮೊಲ ಹಿಡಿದವನು ಅವನು. ಊರಿನ ಯಾವ ಹುಡುಗನಿಗಿಂತಲೂ ಹೆಚ್ಚು ಹಿಡಿದವನು, ಜೆರೆಲನಿಗಿಂತ ವೇಗವಾಗಿ ಓಡುತ್ತಿದ್ದವನು. ಶಾಲೆಯ ತಂಡದಲ್ಲಿ ಜೆರೆಲನ ಮುಂದೆ ನುಗ್ಗಿ ಎದುರಾಳಿಗಳನ್ನು ಕೆಡವಿ ದಾರಿ ಬಿಡಿಸುವುದು ಅವನ ಪಾಲಿಗೆ ಬಂದಿತ್ತು. ಕಾಲೇಜಿನವರು ಚೆಂಡು ಹಿಡಿದವನನ್ನು ನೋಡಿದರು, ದಾರಿ ಬಿಡಿಸಿದವನನ್ನು ನೋಡಲಿಲ್ಲ.

"ಪಂಪು ಎಲ್ಲೋ?" ಟೇವಿಸ್ ಪಿಸುಗುಟ್ಟಿದ.

"ಕಾರಲ್ಲಿ."

"ಕಾರಲ್ಲಿಟ್ಟು ಬೆಂಕಿ ಮುಂದೆ ನಿಂತ್ಕೊಂಡಿದೀಯಲ್ಲೋ, ಬುದ್ಧಿ ಎಲ್ಲಿಟ್ಟಿದೀಯ?" ಓಡಿ ಹೋಗಿ ತಂದ. ಕ್ಯಾಮೆರಾದ ಕಡೆಗೆ ತನ್ನ ಅಗಲವಾದ ಬೆನ್ನು ತಿರುಗಿಸಿ ನಿಂತ. ಆ ಬೆನ್ನಿನ ಮರೆಯಲ್ಲಿ ಜೆರೆಲ್ ಉಸಿರಿನ ಪಂಪನ್ನು ಬಾಯಿಗಿಟ್ಟು ಒತ್ತಿದ.

ಶಾಲೆಯಲ್ಲೂ ಹೀಗೆಯೇ ಮಾಡುತ್ತಿದ್ದರು. ಪ್ರತಿ ಸಲ ಚೆಂಡು ಎತ್ತುವ ಮೊದಲು ಹನ್ನೊಂದು ಹುಡುಗರು ಸುತ್ತುಗಟ್ಟಿ, ಹೆಗಲಿಗೆ ಹೆಗಲು ಹಚ್ಚಿ, ತಲೆ ಬಗ್ಗಿಸಿ ಮುಂದಿನ ಹೂಟ ಮಾತಾಡಿಕೊಳ್ಳುತ್ತಾರಲ್ಲ, ಆ ಸುತ್ತಿನ ನಡುವೆ ಟೇವಿಸ್ ತನ್ನ ಕಾಲುಚೀಲದಿಂದ ಪಂಪು ತೆಗೆದುಕೊಡುತ್ತಿದ್ದ. ಹತ್ತು ಬೆನ್ನುಗಳ ಗೋಡೆಯೊಳಗೆ ಜೆರೆಲ್ ಎಳೆದುಕೊಳ್ಳುತ್ತಿದ್ದ. ಎದೆ ಹಾಳಾದ ಹುಡುಗನನ್ನು ಯಾವ ಕಾಲೇಜೂ ಮುಟ್ಟುವುದಿಲ್ಲ. ಇದು ತಂಡಕ್ಕೆ ಗೊತ್ತಿತ್ತು, ಕೋಚ್‌ಗೆ ಗೊತ್ತಿತ್ತು, ಕಡಲೆಕಾಯಿ ಬೇಯಿಸಿ ಮಾರುವವಳಿಗೂ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಊರಿಗೆ ಊರೇ ಒಬ್ಬ ಹುಡುಗನಿಗಾಗಿ ಸುಳ್ಳು ಹೇಳಿತ್ತು.

"ರೆಡಿನಾ?" ಮಾರ್ಗೋ ಕೂಗಿದಳು.

ಟೇವಿಸ್ ಮರೆಯಿಂದ ಸರಿದ. "ಹೇಳ್ಬೇಕು ಅಂತ್ಲೇ ಇದೀಯಾ?"

"ಶಾಲೆಗೆ ಹೊಸ ಸ್ಕೋರ್ ಬೋರ್ಡ್ ಕೊಟ್ಟಿದಾರಲ್ಲೋ. ನೀನೂ ಅವ್ರ ಹತ್ರಾನೇ ಕೆಲ್ಸ ಮಾಡ್ತೀಯ, ನಾನು ಇಲ್ಲ ಅಂದ್ರೆ ನಿಂಗೆ..."

"ನನ್ ಹೆಸರು ಎಳೀಬೇಡ." ಟೇವಿಸನ ದನಿ ಏರಲಿಲ್ಲ. "ನಾನು ನೀರು ಹೊಡೀತೀನಿ, ಸಂಬಳ ತಗೋತೀನಿ. ಈ ಹೊಗೆ ಒಳ್ಳೇದು ಅಂತ ಯಾವತ್ತೂ ಅಂದಿಲ್ಲ."

ಜೆರೆಲನ ಬಲ ಮೊಣಕಾಲು ಈ ವರ್ಷವೋ ಬರುವ ವರ್ಷವೋ ಕೈಕೊಡುತ್ತದೆ ಎಂದು ವೈದ್ಯರು ಹೇಳಿದ್ದರು. ಕಾಲು ಹೋದ ಮೇಲೆ ಹೆಸರೇ ಅನ್ನ. ಹೆಸರು ಬಿಸಿಯಿರುವಾಗಲೇ ಮಾರಿಕೋ ಎಂದು ಅವನ ವ್ಯವಹಾರ ನೋಡುವವರು ಒಪ್ಪಂದ ತಂದಿದ್ದರು. ಇದೆಲ್ಲ ನಿಜವೇ. ಜೆರೆಲ್ ಅಂಗಿಯ ಮೇಲಿನ ಬೂದಿ ಕೊಡವಿ, ಬೆಂಕಿಗೆ ಬೆನ್ನು ಕೊಟ್ಟು ನಿಂತ.

ಕ್ಯಾಮೆರಾ ಕಣ್ಣು ತೆರೆಯಿತು. ಪಂಪು ತೆರೆದುಕೊಟ್ಟ ಎದೆಯಿಂದ, ನಗುತ್ತ, ಒಂದೂ ಕೆಮ್ಮಿಲ್ಲದೆ, ಜೆರೆಲ್ ಪಿಂಡರ್ ಹೇಳಿದ: "ಈ ಹೊಗೆಯೇ ನನ್ನನ್ನು ಬೆಳೆಸಿತು."

"ಅದ್ಭುತ!" ಎಂದಳು ಮಾರ್ಗೋ.

ಅವನನ್ನು ಬೆಳೆಸಿದವಳು ಅಜ್ಜಿ, ಯೂಲಾ ಪಿಂಡರ್. ಊರಿಗೆಲ್ಲ ಮಿಸ್ ಯೂಲಾ. ಮಧ್ಯಾಹ್ನ ಅವನು ಮನೆಗೆ ಹೋದಾಗ ಅವಳು ಬಾಗಿಲ ಸಂದಿಗೆ ಒದ್ದೆ ಟವೆಲು ತುರುಕುತ್ತಿದ್ದಳು. ಚಳಿಗಾಲದುದ್ದಕ್ಕೂ ಅವಳದು ಇದೇ ಕೆಲಸ. ಕಿಟಕಿಯ ಸಂದಿಗೆ, ಬಾಗಿಲ ಸಂದಿಗೆ, ಏಸಿಯ ಸುತ್ತ ಒದ್ದೆ ಟವೆಲು. ಚಿಕ್ಕ ಜೆರೆಲ್ ಆ ಕಿಟಕಿಯ ಗಾಜಿಗೆ ಮೂಗು ಒತ್ತಿ, ಹೊರಗೆ ಟೇವಿಸ್ ಮೊಲದ ಕಾಲು ಹಿಡಿದು ತಲೆಯ ಮೇಲೆ ಗಿರಗಿರನೆ ತಿರುಗಿಸುತ್ತ ಬರುವುದನ್ನು ನೋಡುತ್ತಿದ್ದ.

"ಬಂದ್ಯಾ ಮಗನೇ? ಬೇಗ ಒಳಗ್ ಬಾ, ಬಾಗ್ಲು ಹಾಕು. ಹಾಳಾದೋರು ಇವತ್ತು ಶಾಲೆ ಪಕ್ಕದ್ ಹೊಲಾನೇ ಹಚ್ಚಿದಾರೆ." ಅವಳ ಒಂದೊಂದು ಮಾತಿನ ನಡುವೆಯೂ ಉಸಿರಿಗೆ ಜಾಗ ಬೇಕಾಗಿತ್ತು. ಮೇಜಿನ ಮೇಲೆ ಔಷಧಿಯನ್ನು ಆವಿ ಮಾಡಿ ಕೊಡುವ ಯಂತ್ರ ಗುಂಯ್‌ಗುಡುತ್ತಿತ್ತು. "ಯಾಕೋ ಶಾಲೆ ಅಂಗಿ ಹಾಕ್ಕೊಂಡಿದೀಯಾ?"

"ಶುಕ್ರವಾರಕ್ಕೆ. ಅಳತೆ ನೋಡಿದ್ದು."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಹೇಸಿಗೆಯಾಯಿತು. ಅಂಗಿಯ ತುಂಬ ಹೊಗೆಯ ವಾಸನೆ. ಅವಳ ಮೂಗು ಅದನ್ನು ಹಿಡಿಯಲಿಲ್ಲವೇ? ಹಿಡಿದಿರಬೇಕು. ಅವಳು ಹುರಿದ ಮೀನು, ತೊಗರಿಕಾಳಿನ ಅನ್ನ ಬಡಿಸಿ ಎದುರಿಗೆ ಕೂತಳು.

"ಶುಕ್ರವಾರ ಕಳೆದ್ಮೇಲೆ ಮಂಗಳವಾರ ವಿಚಾರಣೆ ಇದೆ, ಸಮುದ್ರದ ಕಡೆ, ಜಿಲ್ಲಾ ಕಚೇರೀಲಿ. ಶಾಲೆ ಹತ್ರ, ಮನೆಗಳ್ ಹತ್ರ ಸುಡೋದು ನಿಲ್ಸಿ, ಹಸಿಯಾಗೇ ಕೊಯ್ರಿ ಅಂತ ಕೇಳ್ತಿದೀವಿ. ಚರ್ಚಿನೋರು ಬರ್ತಾರೆ. ನಾನೂ ಮಾತಾಡ್ತೀನಿ." ಅವಳು ಯಂತ್ರದ ಕೊಳವೆಯನ್ನು ಎತ್ತಿ ಎರಡು ಸಲ ಎಳೆದುಕೊಂಡಳು. "ನಮ್ಮಂಥೋರ್ ಮಾತು ಅಲ್ಲಿ ಯಾರ್ ಕೇಳ್ತಾರೆ? ನೀನ್ ಪಕ್ಕದಲ್ಲಿ ಕೂತ್ರೆ ತಲೆ ಎತ್ತಿ ನೋಡಾದ್ರೂ ನೋಡ್ತಾರೆ. ಮಂಗಳವಾರ ನಿಮ್ಗೆಲ್ಲ ರಜಾ ಅಲ್ವಾ?"

"ಹೂಂ, ರಜಾ."

"ಮತ್ತೆ?"

"ನೋಡೋಣ ಅಜ್ಜಿ."

ಅವಳು ತಟ್ಟೆಯನ್ನು ಅವನ ಕಡೆಗೆ ಸರಿಸಿದಳು. "ಮೀನು ತಿನ್ನು, ಆರೋಗುತ್ತೆ" ಎಂದಳು.

ಶುಕ್ರವಾರ ಸಂಜೆ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ತಾಯಂದಿರೆಲ್ಲ ಎದೆಯ ಮೇಲೆ ತಮ್ಮ ತಮ್ಮ ಮಕ್ಕಳ ಫೋಟೋ ಇರುವ ತಟ್ಟೆಯಗಲದ ಬಿಲ್ಲೆ ಚುಚ್ಚಿಕೊಂಡಿದ್ದರು. ಮಿಸ್ ಯೂಲಾಳ ಬಿಲ್ಲೆ ಬಣ್ಣಗೆಟ್ಟಿತ್ತು. ಅದರಲ್ಲಿ ಹದಿನೇಳರ ಜೆರೆಲ್ ಹೆಲ್ಮೆಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗಂಟು ಮುಖ ಹಾಕಿ ನಿಂತಿದ್ದ.

ಆಟದ ನಡುವಿನ ವಿರಾಮದಲ್ಲಿ ಅವಳು ಅವನ ತೋಳು ಹಿಡಿದು ಮೈದಾನದ ನಡುವಿಗೆ ನಡೆಯಬೇಕು. ಸನ್ಮಾನ ಯಾರಿಗಾದರೂ ಆಗಲಿ, ಹೆತ್ತವಳೋ ಸಾಕಿದವಳೋ ತೋಳು ಹಿಡಿಯದೆ ಇಲ್ಲಿ ಯಾರೂ ಒಬ್ಬೊಬ್ಬರೇ ನಡೆಯುವುದಿಲ್ಲ. ಅವಳು ನಡೆದಳು. ಮೂರು ಕಡೆ ನಿಂತು ಉಸಿರು ತೆಗೆದುಕೊಂಡಳು. ಒಂದೊಂದು ಸಲ ನಿಂತಾಗಲೂ ಜನ ಇನ್ನಷ್ಟು ಜೋರಾಗಿ ಚಪ್ಪಾಳೆ ತಟ್ಟಿ ಆ ಮೌನವನ್ನು ತುಂಬಿಸಿಕೊಟ್ಟರು. ಹಾಗೆ ಮಾನ ಮುಚ್ಚುವುದು ಆ ಜನಕ್ಕೆ ಅಭ್ಯಾಸ.

ಆಗ ಕಂಪನಿ ಕೊಟ್ಟ ಹೊಸ ಬೋರ್ಡು ಬೆಳಗಿತು. ಅಂಕಿಗಳ ಬದಲು ಬೆಂಕಿ ಕಾಣಿಸಿತು. ಕಬ್ಬು, ಮೊಲ, ಓಡುವ ಹುಡುಗರು, ಆಮೇಲೆ ಮನೆಯಷ್ಟು ದೊಡ್ಡದಾಗಿ ಜೆರೆಲನ ಮುಖ. ಈ ಚಿತ್ರವನ್ನು ಇಲ್ಲಿ ಹಾಕುತ್ತಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ. ದೂರದ ಊರುಗಳಲ್ಲಿ, ಬೆಂಡ್ ಎಂದರೇನೆಂದು ತಿಳಿಯದವರ ಮನೆಗಳಲ್ಲಿ ತೋರಿಸುತ್ತಾರೆ ಅಂದುಕೊಂಡಿದ್ದ.

"ಬೆಂಕಿಯಿಂದ ಓಡುವ ಮೊಲಗಳ ಹಿಂದೆ ಓಡಿ ನಾನು ಓಟ ಕಲಿತೆ. ಈ ಹೊಗೆಯೇ ನನ್ನನ್ನು ಬೆಳೆಸಿತು."

ಬ್ಯಾಂಡಿನ ಡ್ರಮ್ ಹುಡುಗರು ಕೋಲು ಇಳಿಸಿದರು. ಅವನ ಪಂಪಿಗೆ ಮರೆಯಾಗಿದ್ದ ಬೆನ್ನುಗಳೆಲ್ಲ ಆ ಮೆಟ್ಟಿಲುಗಳ ಮೇಲೇ ಕೂತಿದ್ದವು.

ಮೇಲಿನ ಸಾಲಿನಿಂದ ಯಾರೋ ಕೂಗಿದರು: "ಏ ಜೆರೆಲ್! ಆ ಮೊಲದ್ ಹೆಸರೇನೋ?"

ಇನ್ನೊಂದು ಮೂಲೆಯಿಂದ ಹೆಂಗಸೊಬ್ಬಳ ದನಿ: "ಟೇವಿಸ್ ಅಂತ!"

ನಗು ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳಿ ಬಂತು. ಅದು ಕೆಟ್ಟ ನಗುವಲ್ಲ. ಅದೇ ಅವನಿಗೆ ತಡೆಯಲಾಗದ್ದು. ಬೈದಿದ್ದರೆ, ಶೀಶೆ ಎಸೆದಿದ್ದರೆ ಎದೆ ಕೊಟ್ಟು ನಿಲ್ಲಬಹುದಿತ್ತು. ಆದರೆ ಕೆಳಗಿನ ಸಾಲಿನ ಮುದುಕನೊಬ್ಬ ಟೋಪಿ ತೆಗೆದು ನಿಧಾನವಾಗಿ ಚಪ್ಪಾಳೆ ತಟ್ಟಿದ. ಪಕ್ಕದವನು ತಟ್ಟಿದ. ಮತ್ತೆ ಇಡೀ ಊರು ತಟ್ಟಿತು. ಹೋಗಲಿ ಬಿಡು, ನಮ್ಮ ಹುಡುಗನೇ ತಾನೇ, ಬದುಕೋದಕ್ಕೆ ಹೇಳಿದಾನೆ ಎಂಬಂಥ ಚಪ್ಪಾಳೆ. ಜೆರೆಲ್ ಕೈಯೆತ್ತಿ ಬೀಸಿದ. ಕೈ ತನ್ನದಲ್ಲ ಅನ್ನಿಸಿತು.

ಅಜ್ಜಿಯ ಬೆರಳುಗಳು ಅವನ ತೋಳನ್ನು ಬಿಡಲಿಲ್ಲ. ಅವಳು ಬೋರ್ಡಿನಿಂದ ಕಣ್ಣು ತೆಗೆದು ನೇರ ನೋಡುತ್ತ, ತುಟಿ ಅಲುಗಿಸದೆ ಅಂದಳು: "ನಡಿ. ಜನ ನೋಡ್ತಿದಾರೆ. ತಲೆ ಎತ್ಕೊಂಡು ನಡಿ."

ಮನೆಯ ಬಾಗಿಲಲ್ಲಿ ಅವನು "ಅಜ್ಜಿ, ನಾನು..." ಎಂದು ಶುರು ಮಾಡಿದ.

"ಮಂಗಳವಾರ ಬಾ" ಎಂದಳು. "ಮಾತಾಡ್ಬೇಡ. ಪಕ್ಕದಲ್ಲಿ ಕೂತ್ಕೋ, ಸಾಕು."

ಅವನು ಬಂದ. ಇದೊಂದನ್ನು ಅವನ ಲೆಕ್ಕಕ್ಕೆ ಬರೆದುಕೊಳ್ಳಬೇಕು. ಉತ್ತರದಿಂದ ಬೆಳಗಿನ ವಿಮಾನ ಹಿಡಿದು, ಸಮುದ್ರದಂಡೆಯ ಕಚೇರಿಗೆ ಬಂದು, ಅಜ್ಜಿಯ ಪಕ್ಕದ ಕುರ್ಚಿಯಲ್ಲಿ ಕೂತ. ಈ ಸಲ ಪಂಪನ್ನು ಕಾರಲ್ಲಿ ಬಿಡದೆ ಜೇಬಿನಲ್ಲಿಟ್ಟುಕೊಂಡಿದ್ದ. ದಾರಿಯುದ್ದಕ್ಕೂ ಒಂದು ಮಾತನ್ನು ಮನಸ್ಸಿನಲ್ಲೇ ತಿರುವಿ ಹಾಕಿದ್ದ. ಎದ್ದು ನಿಲ್ಲಬೇಕು. ನಾನು ಮೊಲ ಹಿಡಿದಿಲ್ಲ, ಆ ಹೊಗೆ ನನ್ನನ್ನು ಬೆಳೆಸಲಿಲ್ಲ, ಕೊಲ್ಲಲು ನೋಡಿತು ಎನ್ನಬೇಕು. ಒಪ್ಪಂದ ಮುರಿದರೆ ಮುರಿಯಲಿ.

ತಂಪಾದ ಕೋಣೆ, ಗಾಜಿನ ಗೋಡೆ, ಆಚೆ ಹಸಿರು ಹುಲ್ಲು. ಒಂದು ಚೂರು ಬೂದಿ ಎಲ್ಲೂ ಇಲ್ಲ. ಮಿಸ್ ಯೂಲಾ ಭಾನುವಾರದ ಟೋಪಿ ಹಾಕಿಕೊಂಡಿದ್ದಳು. ಎದೆಯ ಮೇಲೆ ಅದೇ ಬಿಲ್ಲೆ. ಹಿಂದಿನ ಸಾಲಿನಲ್ಲಿ ಟೇವಿಸ್ ಇದ್ದ. ಅಜ್ಜಿಯನ್ನು ವ್ಯಾನಿನಲ್ಲಿ ಕರೆತಂದವನು ಅವನೇ.

ಅವಳು ಎದ್ದು ಮಾತಾಡಿದಳು. ಒದ್ದೆ ಟವೆಲಿನ ಬಗ್ಗೆ, ಯಂತ್ರದ ಬಗ್ಗೆ, ಬೀದಿಯ ಪ್ರತಿ ಮನೆಯಲ್ಲೂ ಒಂದು ಅಂಥ ಯಂತ್ರ ಇರುವುದರ ಬಗ್ಗೆ, ಸೀಮೆಸುಣ್ಣ ಇಡುವ ಹಲಗೆಯ ಮೇಲೆ ಮಕ್ಕಳ ಪಂಪುಗಳನ್ನು ಸಾಲಾಗಿ ಇಟ್ಟುಕೊಂಡು ಪಾಠ ಮಾಡುವ ಟೀಚರ್ ಬಗ್ಗೆ. "ಗಾಳಿ ನಿಮ್ ಕಡೆ ಬಂದ್ರೆ ಬೆಂಕಿ ಹಚ್ಬಾರ್ದು ಅಂತ ನೀವೇ ಕಾನೂನ್ ಮಾಡಿದೀರಿ. ಅಂದ್ರೆ ಹೊಗೆ ಕೆಟ್ಟದ್ದು ಅಂತ ನಿಮಗೂ ಗೊತ್ತು ಅಂತಾಯ್ತು. ನಾನು ಹೊಸದೇನೂ ಹೇಳ್ತಿಲ್ಲ" ಎಂದಳು. ಮೇಜಿನ ಹಿಂದೆ ಕೂತ ಮಂಡಳಿಯವರಲ್ಲಿ ಒಬ್ಬಾಕೆ ತಲೆ ತಗ್ಗಿಸಿದಳು.

ಕಂಪನಿಯ ವಕೀಲ ಎದ್ದ. ವಾದ ಮಾಡಲಿಲ್ಲ. ದೀಪ ಆರಿಸಿ ಗೋಡೆಯ ಮೇಲೆ ಚಿತ್ರ ಬಿಟ್ಟ. ಬೆಂಕಿ, ಮೊಲ, ಮುಖ. *ಈ ಹೊಗೆಯೇ ನನ್ನನ್ನು ಬೆಳೆಸಿತು.*

ದೀಪ ಹತ್ತಿತು. "ಮೇಡಂ, ಈತ ನಿಮ್ಮ ಮೊಮ್ಮಗ ತಾನೆ? ನಿಮ್ಮ ಮನೆಯಲ್ಲೇ ಬೆಳೆದವರು?" ವಕೀಲನ ದನಿಯಲ್ಲಿ ಬೆಣ್ಣೆಯಿತ್ತು.

"ಹೌದು. ನನ್ ಮೊಮ್ಮಗನೇ."

"ಅದೃಷ್ಟ ನೋಡಿ, ಇಲ್ಲೇ ಇದ್ದಾರೆ! ಪಿಂಡರ್ ಅವರೇ, ತಾವೇನಾದರೂ ಹೇಳೋದಿದೆಯಾ?"

ಕುರ್ಚಿಗಳೆಲ್ಲ ಕಿರುಗುಟ್ಟಿ ತಿರುಗಿದವು. ಮಂಡಳಿಯ ಅಧ್ಯಕ್ಷರು ಮುಗುಳ್ನಕ್ಕು, ತಮ್ಮ ಮಗ ಪಿಂಡರ್ ಅವರ ಅಭಿಮಾನಿಯೆಂದರು. ಜೆರೆಲ್ ಎದ್ದು ನಿಂತ. ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡ ಮಾತು ಗಂಟಲ ಹತ್ತಿರ ಬಂದು ನಿಂತಿತು. ಅದರ ಜೊತೆಗೇ ಎದೆ ಬಿಗಿಯಿತು, ಒಳಗೆ ಆ ಸಿಳ್ಳೆ ಎದ್ದಿತು. ಕೈ ಜೇಬಿಗೆ ಹೋಗಿ ಪಂಪನ್ನು ಹಿಡಿಯಿತು. ತೆಗೆದರೆ ಸಾಕಿತ್ತು. ಮಾತೇ ಬೇಕಿರಲಿಲ್ಲ. ಈ ತಂಪು ಕೋಣೆಯಲ್ಲಿ, ಇಷ್ಟು ಜನರೆದುರು, ಆ ಅಗ್ಗದ ಪ್ಲಾಸ್ಟಿಕ್ಕನ್ನು ಬಾಯಿಗಿಟ್ಟು ಒಮ್ಮೆ ಒತ್ತಿದ್ದರೆ ಗೋಡೆಯ ಮೇಲಿನ ಆ ಮುಖ ಅಲ್ಲೇ ಕಳಚಿ ಬೀಳುತ್ತಿತ್ತು.

ಅವನಿಗೆ ಅಧ್ಯಕ್ಷರ ನಗು ಕಂಡಿತು. ಮುಂದಿನ ಸಾಲಿನಲ್ಲಿ ಫೋನು ಎತ್ತಿ ಹಿಡಿದವರು ಕಂಡರು. ಭಾನುವಾರದ ಪಂದ್ಯ ಕಂಡಿತು, ತಂಡದ ವೈದ್ಯ ಕಂಡ, ಉಸಿರಿಲ್ಲದ ಓಟಗಾರ ಎಂದು ಬರೆಯುವವರು ಕಂಡರು. ಕೈ ಜೇಬಿನೊಳಗೇ ಮುಷ್ಟಿಯಾಯಿತು.

ಮಿಸ್ ಯೂಲಾ ಅವನನ್ನು ನೋಡಿದಳು. ಜೇಬಿನ ಉಬ್ಬನ್ನೂ ನೋಡಿದಳು. ಒಂದು ಗಳಿಗೆ ಕಾದಳು. ಆಮೇಲೆ ಕೋಲೂರಿ, ಅವನಿಗೂ ಆ ಮೇಜಿಗೂ ನಡುವೆ ಬರುವಂತೆ ಎದ್ದು ನಿಂತಳು. ಅಗಲವಾದ ಟೋಪಿ, ಬಾಗಿದ ಬೆನ್ನು.

"ಅವನಿಗೆ ಗಂಟ್ಲು ಸರಿಯಿಲ್ಲ ಸ್ವಾಮಿ. ಚಿಕ್ಕಂದಿನಿಂದಾನೂ ಹಂಗೇ. ಕೂತ್ಕೋ ಮಗನೇ."

ಅವನು ಕೂತ. ಕೋಣೆಯಲ್ಲಿ ಸಣ್ಣ ನಗು ಹರಿಯಿತು. ವಕೀಲ ಧನ್ಯವಾದ ಹೇಳಿದ. ಮಂಡಳಿ ಮುಂದಿನ ವಿಷಯ ಎತ್ತಿಕೊಂಡಿತು. ಶಾಲೆಯ ಹತ್ತಿರ ಸುಡುವುದನ್ನು ನಿಲ್ಲಿಸುವ ಮಾತು ಮುಂದಿನ ವರ್ಷಕ್ಕೆ ಹೋಯಿತು.

ವಾಹನಗಳನ್ನು ನಿಲ್ಲಿಸಿದ್ದ ಕಡೆಗೆ ಬರುವಷ್ಟರಲ್ಲಿ ಅವನ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ವ್ಯಾನಿನ ಮರೆಗೆ ಹೋಗಿ, ಬಾಗಿ, ಕೊನೆಗೂ ಪಂಪು ತೆಗೆದು ಬಾಯಿಗಿಟ್ಟ. ಒಂದು ಸಲ, ಇನ್ನೊಂದು ಸಲ. ತಲೆಯೆತ್ತಿದಾಗ ಎದುರಿಗೆ ಅಜ್ಜಿ. ಆ ನೋಟದಲ್ಲಿ ಸಿಟ್ಟಿದೆಯೇ ಎಂದು ಅವನು ಹುಡುಕಿದ. ಇದ್ದಿದ್ದರೆ ಅದಕ್ಕೆ ಜೋತುಬೀಳುತ್ತಿದ್ದ.

"ಒಳಗ್ ತೆಗೀಬೇಕಿತ್ತು ಮಗನೇ" ಎಂದಳು.

ಟೇವಿಸ್ ವ್ಯಾನಿನ ಬಾಗಿಲು ತೆರೆದು ಅವಳನ್ನು ಎತ್ತಿ ಕೂರಿಸಿದ. ಜೆರೆಲನ ಕಡೆ ತಿರುಗಲಿಲ್ಲ. ಸಮುದ್ರದ ಕಡೆಯ ತೆಂಗಿನ ಗರಿಗಳು ಯಾವ ಕಡೆ ವಾಲುತ್ತಿವೆಯೆಂದು ಒಮ್ಮೆ ನೋಡಿದ. ಅವೆಲ್ಲ ಬೆಂಡ್‌ನ ಕಡೆಗೇ ಬಾಗಿದ್ದವು.

"ಬೇಗ ಹೊರಡ್ಬೇಕು ಅಜ್ಜಿ," ಎಂದ. "ಇವತ್ತು ಹಚ್ತಾರೆ."

ಮಿಸ್ ಯೂಲಾ ಕೈಚೀಲದಿಂದ ಟವೆಲು ತೆಗೆದಳು. ನೀರಿನ ಬಾಟಲಿಯ ಮುಚ್ಚಳ ಬಿಚ್ಚಿ ಅದನ್ನು ನೆನೆಸತೊಡಗಿದಳು.